ಬಿಲ್ಲು ಕೊಳ್ಳುವ ಮುನ್ನ ಬೆಲೆಯನ್ನೂ ಸೇವೆಯನ್ನೂ ಹೋಲಿಸುವುದು ಹೇಗೆ?

ರಿಕರ್ವ್ ಬಿಲ್ಲಿನ (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) ದರವೊಂದನ್ನೇ ನೋಡದೆ ಹೆದೆ, ಬಾಣ, ಆರ್ಮ್ ಗಾರ್ಡ್ (ಹೆದೆಯ ಏಟಿನಿಂದ ಮುಂಗೈಯನ್ನು ಕಾಯುವ ಪಟ್ಟಿ), ಫಿಂಗರ್ ಟ್ಯಾಬ್ (ಹೆದೆ ಎಳೆಯುವ ಬೆರಳುಗಳನ್ನು ಕಾಯುವ ತುಂಡು), ಜಿಎಸ್‌ಟಿ, ಸಾಗಣೆ ವೆಚ್ಚ ಎಲ್ಲವನ್ನೂ ಸೇರಿಸಿ, ಒಂದೇ ಪಟ್ಟಿಯನ್ನು ಊರಿನ ಅಂಗಡಿಗೂ ದೊಡ್ಡ ಮಳಿಗೆಗೂ ಕೊಟ್ಟು ಒಟ್ಟು ಮೊತ್ತವನ್ನು ಕೇಳಬೇಕು. ಗಾರ್ಡ್, ಟ್ಯಾಬ್‌ಗಳು ದೊಡ್ಡ ಮಳಿಗೆಯಲ್ಲಿ ಅಗ್ಗವಾಗಿದ್ದರೆ ಅಲ್ಲೇ ಕೊಳ್ಳಬಹುದು. ಬಿಲ್ಲಿನ ಮಾತು ಬೇರೆ. ಲಿಂಬ್ (ಬಿಲ್ಲಿನ ಬಾಗುವ ತೋಳು) ಮೇಲೆ ನಮೂದಿಸಿದ ಎಳೆತದ ತೂಕವು, ಅಂದರೆ ಹೆದೆಯನ್ನು ಎಳೆದು ಹಿಡಿಯಲು ಬೇಕಾದ ಬಲವು, ಸಾಮಾನ್ಯವಾಗಿ 28 ಇಂಚಿನ ಎಳೆತಕ್ಕೆ (ಹೆದೆಯನ್ನು ಪೂರ್ತಿ ಎಳೆದಾಗಿನ ಉದ್ದಕ್ಕೆ) ಅಳೆದದ್ದು. ನಿಮ್ಮ ಎಳೆತ 26 ಇಂಚಾದರೆ ಬೆರಳಿಗೆ ಬೀಳುವ ತೂಕ ಸುಮಾರು 4 ಪೌಂಡ್ ಕಡಿಮೆಯಾಗುತ್ತದೆ, ಬಾಣದ ಗಡಸುತನವನ್ನೂ ಅದಕ್ಕೆ ತಕ್ಕಂತೆ ಆರಿಸಬೇಕಾಗುತ್ತದೆ. ಆದ್ದರಿಂದ ನಿಮ್ಮ ಎಳೆತವನ್ನು ಅಳೆದು, ಬಿಲ್ಲನ್ನು ಸ್ಕೇಲಿಗೆ ಸಿಕ್ಕಿಸಿ ಎಳೆದು ತೋರಿಸಿ, ಹೆದೆಗೆ ನಾಕಿಂಗ್ ಪಾಯಿಂಟ್ (ಬಾಣ ಸಿಕ್ಕಿಸುವ ಜಾಗದ ಗುರುತು) ಕಟ್ಟಿಕೊಡುವ ಅಂಗಡಿಗೆ ತುಸು ಹೆಚ್ಚು ಕೊಟ್ಟರೂ ಅದು ನಷ್ಟವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ತಿರುಚಿದ ಲಿಂಬ್ ಬಂದರೆ ಎಷ್ಟು ದಿನಗಳೊಳಗೆ ಬದಲಿಸಿಕೊಡುತ್ತಾರೆ, ಸಾಗಣೆಯ ಖರ್ಚು ಯಾರದೆಂಬುದನ್ನು ಹಣ ಕೊಡುವ ಮುನ್ನವೇ ಬರಹದಲ್ಲಿ ಪಡೆದುಕೊಳ್ಳಿ.