ಮಲಾವಿಯ ತಾಯಂದಿರಿಗೆ ನಮ್ಮೂರಿನಿಂದ ಸಹಾಯ ಮಾಡುವುದು ಹೇಗೆ

ಹೋದ ವರ್ಷ ಆಗಸ್ಟ್ ಕೊನೆಗೆ ಶಿರ್ವದ ನಮ್ಮ ಮನೆಗೆ ಆರು ಜನ ಹೆಂಗಸರು ಬಂದಿದ್ದರು. ಅಕ್ಕಪಕ್ಕದವರೇ. ಇಬ್ಬರು ನಮ್ಮ ಇಗರ್ಜಿಯವರು, ನಾಲ್ವರು ಸ್ವಸಹಾಯ ಸಂಘದವರು. ಬೀಡಿ ಕಟ್ಟಿ, ಮಲ್ಲಿಗೆ ಮಾರಿ ಉಳಿಸಿದ ಹಣ ಅವರ ಹತ್ತಿರ ಸ್ವಲ್ಪ ಇತ್ತು. ಆಫ್ರಿಕಾದಲ್ಲಿ ಎಚ್‌ಐವಿ ಇರುವ ತಾಯಂದಿರ ಮಕ್ಕಳಿಗೆ ಏನಾದರೂ ಕಳಿಸಬೇಕು ಅಂತ ಆಸೆ. "ಬಾಯಿ, ನೀವು ಅಲ್ಲಿ ಇದ್ದವರು. ಹಾಲಿನ ಪುಡಿ ಎಷ್ಟು ಡಬ್ಬ ಕಳಿಸಿದರೆ ಸಾಕು?" ಎಂದು ಕೇಳಿದರು.

ಅವರಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಾಲಿನ ಪುಡಿ ಬೇಡ. ಔಷಧಿ ಕೊಂಡು ಕಳಿಸುವುದೂ ಬೇಡ. ತಾಯಿ ಮತ್ತೆ ಮತ್ತೆ ಆಸ್ಪತ್ರೆಗೆ ಬರುವ ಹಾಗೆ ನೋಡಿಕೊಳ್ಳುವ ಕೆಲಸ ಒಂದಿದೆ. ಹಣ ಅದಕ್ಕೆ ಕೊಡಿ.

ನಾನು ಮಂಗಳೂರಿನಲ್ಲಿ ಹೆರಿಗೆ ವಾರ್ಡಿನ ನರ್ಸ್ ಆಗಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದವಳು. 2012ರಿಂದ ಎರಡೂವರೆ ವರ್ಷ ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿಯ ಮಿಷನ್ ಆಸ್ಪತ್ರೆಯಲ್ಲಿದ್ದೆ.

ಮೊದಲು ರೋಗ ಹೇಗೆ ದಾಟುತ್ತದೆ ಎಂದು ತಿಳಿದುಕೊಳ್ಳಿ

ತಾಯಿಯಿಂದ ಮಗುವಿಗೆ ಎಚ್‌ಐವಿ ಮೂರು ಹೊತ್ತಿನಲ್ಲಿ ಬರಬಹುದು. ಹೊಟ್ಟೆಯಲ್ಲಿರುವಾಗ, ಹೆರಿಗೆಯಾಗುವಾಗ, ಎದೆಹಾಲು ಕುಡಿಯುವಾಗ. ಏನೂ ಮಾಡದೆ ಬಿಟ್ಟರೆ ಇಂಥ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ತಾಯಿ ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಇದು ಐದಕ್ಕಿಂತ ಕೆಳಗೆ ಬರುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ವಿಷಯಕ್ಕೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಆಮೇಲೆ ನೆವಿರಪಿನ್ ಎಂಬ ಔಷಧಿ ಬಂತು. ಹೆರಿಗೆ ನೋವು ಶುರುವಾದಾಗ ತಾಯಿಗೆ ಒಂದು ಮಾತ್ರೆ, ಹುಟ್ಟಿದ 72 ಗಂಟೆಯೊಳಗೆ ಮಗುವಿಗೆ ಒಂದು ಸಲ ಸಿರಪ್. ಇದು ಕೆಲಸ ಮಾಡುತ್ತದೆ ಎಂದು 1999ರಲ್ಲಿ ಉಗಾಂಡದಲ್ಲಿ ನಡೆದ ಪರೀಕ್ಷೆಯಿಂದ ಗೊತ್ತಾಯಿತು. ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಉಳಿದ ಅರ್ಧ ನೆನೆಸಿಕೊಂಡು ರಾತ್ರಿ ಪಾಳಿಯಲ್ಲಿ ಎಷ್ಟೋ ಸಲ ಕಣ್ಣೀರು ಹಾಕಿದ್ದೇನೆ.

2011ರಲ್ಲಿ ಮಲಾವಿ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಅಲ್ಲಿಯ ತನಕ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಸಿಡಿ4 ಕಣ ಎಷ್ಟಿದೆ ಎಂದು ಎಣಿಸಿ, ಕಡಿಮೆ ಇದ್ದವರಿಗೆ ಮಾತ್ರ ಪೂರ್ತಿ ಚಿಕಿತ್ಸೆ ಕೊಡುತ್ತಿದ್ದರು. ಆದರೆ ಎಣಿಸುವ ಯಂತ್ರ ಹಳ್ಳಿಗಳಲ್ಲಿ ಎಲ್ಲಿದೆ? ಹಾಗಾಗಿ ಎಣಿಕೆಗೆ ಕಾಯುವುದು ಬೇಡ, ಎಚ್‌ಐವಿ ಇರುವ ಪ್ರತಿ ಬಸುರಿಗೂ ಬಾಣಂತಿಗೂ ಜೀವನಪೂರ್ತಿ ಮಾತ್ರೆ ಕೊಡೋಣ ಎಂದು ಆ ದೇಶ ತೀರ್ಮಾನಿಸಿತು. ಬಡ ದೇಶ ಅದು. ನಮ್ಮ ದೇಶ ಅದೇ ದಾರಿ ಹಿಡಿದದ್ದು 2014ರಲ್ಲಿ.

ಔಷಧಿ ಕಳಿಸಬೇಡಿ ಎನ್ನಲು ಕಾರಣ ಇದೆ. 2001ರಲ್ಲಿ ನಮ್ಮ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆ ಎಂದಾಗ ಜಗತ್ತೇ ಬೆರಗಾಗಿತ್ತು. ಅದಕ್ಕೆ ಮೊದಲು ಹತ್ತು ಸಾವಿರ ಡಾಲರ್ ಆಗುತ್ತಿತ್ತು. ಈಗ ದಿನಕ್ಕೆ ಒಂದೇ ಮಾತ್ರೆ. ಬಡ ದೇಶಗಳಿಗೆ ಔಷಧಿ ಕೊಳ್ಳಲು ಹಣ ಕೊಡುವ ಗ್ಲೋಬಲ್ ಫಂಡ್ 2023ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಒಬ್ಬರಿಗೆ ವರ್ಷಕ್ಕೆ 45 ಡಾಲರಿಗಿಂತ ಕಡಿಮೆ ಬೆಲೆ. ನಾವು ಕಷ್ಟಪಟ್ಟು ಕೊಂಡು ಕಳಿಸಿದರೆ ಕಸ್ಟಮ್ಸಿನಲ್ಲಿ ಕೊಳೆಯುತ್ತದೆ, ಅಷ್ಟೇ.

ತಾಯಿ ಎಲ್ಲಿ ಕೈತಪ್ಪುತ್ತಾಳೆ

ಮಾತ್ರೆ ಇದ್ದೂ ಮಗುವಿಗೆ ಯಾಕೆ ಬರುತ್ತದೆ? ನಡುವೆ ಎಲ್ಲೋ ತಾಯಿ ಬರುವುದನ್ನು ನಿಲ್ಲಿಸುತ್ತಾಳೆ. ಅವಳು ಎಷ್ಟು ಸಲ ಬರಬೇಕು ನೋಡಿ. ಬಸುರಿಯಾದಾಗ ಪರೀಕ್ಷೆಗೆ. ಮಾತ್ರೆ ಮುಗಿದಾಗಲೆಲ್ಲ ಮತ್ತೆ. ಹೆರಿಗೆಗೆ. ಮಗುವಿಗೆ ಆರು ವಾರ ಆದಾಗ ಹಿಮ್ಮಡಿಯಿಂದ ರಕ್ತ ತೆಗೆಸಲು. ಆ ರಕ್ತದ ಬೊಟ್ಟನ್ನು ಕಾಗದದ ಮೇಲೆ ಒಣಗಿಸಿ ಪೇಟೆಯ ಲ್ಯಾಬಿಗೆ ಕಳಿಸುತ್ತಾರೆ, ಅದರ ಫಲಿತಾಂಶ ಕೇಳಲು ಇನ್ನೊಮ್ಮೆ. ಎದೆಹಾಲು ಪೂರ್ತಿ ಬಿಡಿಸಿದ ಮೇಲೆ ಕೊನೆಯ ಪರೀಕ್ಷೆ. ಮಲಾವಿಯಲ್ಲಿ ಮಗುವಿಗೆ ಎರಡು ವರ್ಷ ಆಗುವ ತನಕ ನೋಡುತ್ತಾರೆ.

ನಮ್ಮೂರಿನಲ್ಲೂ ಇದನ್ನು ಕಂಡಿದ್ದೇನೆ. ಮಂಗಳೂರಿನಲ್ಲಿ ಪರೀಕ್ಷೆ, ಮಾತ್ರೆ ಎಲ್ಲ ಸರಿಯಾಗಿ ನಡೆಯುತ್ತಿರುತ್ತದೆ. ಏಳನೇ ತಿಂಗಳಿಗೆ ಬಯಕೆ ಶಾಸ್ತ್ರ ಆಗುತ್ತದೆ. ಹುಡುಗಿ ಕಾರ್ಕಳದ ಆಚೆಯ ತವರಿಗೆ ಹೋಗುತ್ತಾಳೆ. ಅಲ್ಲಿ ಅಮ್ಮನಿಗೂ ವಿಷಯ ಗೊತ್ತಿಲ್ಲ. ಅಮ್ಮನ ಎದುರು ಮಾತ್ರೆ ನುಂಗುವುದು ಹೇಗೆ? ಅಲ್ಲಿಗೆ ನಿಂತಿತು.

ಮಲಾವಿಯ ಹೆಂಗಸರು ಮಾತ್ರೆಯ ಬಾಟಲಿಯ ಸದ್ದಿಗೇ ಹೆದರುತ್ತಿದ್ದರು. ನಡೆಯುವಾಗ ಗಲಗಲ ಎಂದರೆ ಪಕ್ಕದವರಿಗೆ ಗೊತ್ತಾಗುತ್ತದೆ, ಅಲ್ವಾ? ಆಸ್ಪತ್ರೆಯ ಹಿಂದೆ ನಿಂತು ಬಾಟಲಿ ಖಾಲಿ ಮಾಡಿ, ಮಾತ್ರೆಗಳನ್ನು ಸೊಂಟಕ್ಕೆ ಸುತ್ತಿದ ಚಿತೆಂಜೆ ಬಟ್ಟೆಯ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ನನ್ನ ಅಜ್ಜಿ ಸೆರಗಿನ ತುದಿಗೆ ಚಿಲ್ಲರೆ ಕಟ್ಟುತ್ತಿದ್ದ ಹಾಗೆಯೇ.

ನನ್ನಿಂದ ಆದ ಒಂದು ತಪ್ಪನ್ನು ಹೇಳಲೇಬೇಕು. ಒಬ್ಬ ತಾಯಿ ಆರು ವಾರಕ್ಕೆ ಬರಬೇಕಾದವಳು ಮೂರು ತಿಂಗಳಿಗೆ ಬಂದಳು. ಸಾಲಿನಲ್ಲಿ ಎಲ್ಲರ ಎದುರು "ಇಷ್ಟು ದಿನ ಎಲ್ಲಿದ್ದೆ?" ಎಂದು ಗದರಿದೆ. ಮಾತು ಅರ್ಥವಾಗದಿದ್ದರೂ ನನ್ನ ಮುಖ ಅವಳಿಗೆ ಅರ್ಥವಾಯಿತು. ತಲೆ ತಗ್ಗಿಸಿ ಮಗುವಿನ ರಕ್ತ ಕೊಟ್ಟು ಹೋದಳು. ಫಲಿತಾಂಶ ಕೇಳಲು ಬರಲೇ ಇಲ್ಲ. ನಮ್ಮಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಜೊತೆತಾಯಿ (ತನಗೂ ಎಚ್‌ಐವಿ ಇದ್ದು ಬೇರೆ ತಾಯಂದಿರಿಗೆ ನೆರವಾಗುವವಳು) ಎರಡು ಸಲ ಸೈಕಲ್ಲಿನಲ್ಲಿ ಅವಳ ಹಳ್ಳಿಗೆ ಹೋದಳು. ಎರಡನೇ ಸಲ ಹೋದಾಗ ಮನೆಗೆ ಬೀಗ. ಬಸ್ಸಿನ ಹಣಕ್ಕೆ ಅವಳು ಕೋಳಿ ಮಾರಿ ಬಂದಿದ್ದಳಂತೆ. ಗಂಡನಿಗೆ ಹೇಳಿರಲಿಲ್ಲವಂತೆ. ಆ ಮಗುವಿನ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ಆಮೇಲೆ ಎಷ್ಟೇ ತಡವಾಗಿ ಬಂದವರಿಗೂ ನನ್ನ ಮೊದಲ ಮಾತು "ಜಿಕೋಮೊ". ಚಿಚೇವಾ ಭಾಷೆಯಲ್ಲಿ ಧನ್ಯವಾದ ಅಂತ. ಇದನ್ನು ಕಲಿಸಿದವಳು ಆ ಜೊತೆತಾಯಿ.

ಹಣ ಜೊತೆತಾಯಂದಿರ ಸಂಬಳಕ್ಕೆ ಹೋಗಲಿ

ಜೊತೆತಾಯಿ ಎಂದು ನಾನು ಕರೆಯುವುದು ಮೆಂಟರ್ ಮದರ್‌ಗಳನ್ನು. ಇವರಿಗೂ ಎಚ್‌ಐವಿ ಇದೆ. ಇವರೂ ಇದೇ ಆಸ್ಪತ್ರೆಯಲ್ಲಿ ಮಾತ್ರೆ ತಿಂದು ಮಗುವನ್ನು ಉಳಿಸಿಕೊಂಡವರು. ಇವರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು, ನರ್ಸುಗಳ ಪಕ್ಕದಲ್ಲಿ ಕೂರಿಸುತ್ತಾರೆ. ಮದರ್ಸ್2ಮದರ್ಸ್ ಎಂಬ ಸಂಸ್ಥೆ 2001ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಈ ರೀತಿಯ ಕೆಲಸ ಶುರುಮಾಡಿತು. ಈಗ ಆಫ್ರಿಕಾದ ಅನೇಕ ದೇಶಗಳಲ್ಲಿ ಇದೆ. ಹತ್ತು ನಿಮಿಷದಲ್ಲಿ ನಾನು ಹೇಳಲಾಗದ್ದನ್ನು ಜೊತೆತಾಯಿ ಒಂದೇ ಮಾತಿನಲ್ಲಿ ಹೇಳುತ್ತಾಳೆ: "ನನಗೂ ಇದೆ. ನೋಡು, ಇವನು ನನ್ನ ಮಗ, ಇವನಿಗಿಲ್ಲ."

2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ತಡೆದಾಗ ಮೊದಲು ಕೆಲಸ ಕಳೆದುಕೊಂಡವರಲ್ಲಿ ಇಂಥವರೂ ಇದ್ದರು. ಹಾಗಾಗಿ ಈಗ ಇವರ ಸಂಬಳಕ್ಕೆ, ಸೈಕಲ್ಲಿಗೆ, ತಾಯಂದಿರ ಬಸ್ ಚಾರ್ಜಿಗೆ ಕೊಟ್ಟ ಹಣ ತುಂಬ ಉಪಯೋಗಕ್ಕೆ ಬರುತ್ತದೆ.

ಯಾವುದೇ ಸಂಸ್ಥೆಗೆ ಕೊಡುವ ಮೊದಲು ಪತ್ರ ಬರೆದು ಕೇಳಿ. ಮಾತ್ರೆ ಶುರುಮಾಡಿದ ತಾಯಂದಿರಲ್ಲಿ ಎಷ್ಟು ಜನ ಮಗುವಿನ ಆರು ವಾರದ ಪರೀಕ್ಷೆಗೆ ಬಂದರು? ಕೊನೆಯ ಪರೀಕ್ಷೆ ಎಷ್ಟು ಮಕ್ಕಳಿಗೆ ಆಯಿತು? ಬಾರದವರ ಮನೆಗೆ ಯಾರು ಹೋಗುತ್ತಾರೆ, ಅವರಿಗೆ ಸಂಬಳ ಇದೆಯೋ ಸುಮ್ನೆ ದುಡಿಸುತ್ತಾರೋ? ಸರ್ಕಾರಿ ಆಸ್ಪತ್ರೆಯ ರಿಜಿಸ್ಟರಿನ ಜೊತೆ ನಿಮ್ಮ ಲೆಕ್ಕ ಕೂಡಿಬರುತ್ತದೆಯೋ? "ಇಷ್ಟು ಸಾವಿರ ಜನರಿಗೆ ಪರೀಕ್ಷೆ ಮಾಡಿದೆವು" ಎಂದು ಮಾತ್ರ ಹೇಳುವವರಿಗೆ ನಾನು ಕೊಡುವುದಿಲ್ಲ. ಪರೀಕ್ಷೆ ಮೊದಲನೇ ದಿನದ ಕೆಲಸ. ಉಳಿದ ಎರಡು ವರ್ಷ ಏನಾಯಿತು ಎಂದು ಹೇಳುವವರು ಬೇಕು.

ಹಾಲಿನ ಪುಡಿ ಯಾಕೆ ಬೇಡ

ಎದೆಹಾಲಿನಿಂದ ರೋಗ ಬರುತ್ತದೆ ಎಂದ ಮೇಲೆ ಡಬ್ಬದ ಹಾಲು ಒಳ್ಳೆಯದಲ್ವಾ? ಆ ಆರು ಜನರೂ ಇದನ್ನೇ ಕೇಳಿದರು. ಒಳ್ಳೆಯ ಮನಸ್ಸಿನ ಪ್ರಶ್ನೆ. ಬೋಟ್ಸ್ವಾನಾ ಸರ್ಕಾರವೂ ಹಾಗೇ ಯೋಚಿಸಿ ಇಂಥ ತಾಯಂದಿರಿಗೆ ಹಾಲಿನ ಪುಡಿಯನ್ನು ಉಚಿತವಾಗಿ ಕೊಡುತ್ತಿತ್ತು. 2006ರ ಆರಂಭದಲ್ಲಿ ಅಲ್ಲಿ ವಿಪರೀತ ಮಳೆ ಬಂತು. ನೀರು ಕೆಟ್ಟಿತು. ಬೇಧಿಯಿಂದ ನೂರಾರು ಮಕ್ಕಳು ತೀರಿಕೊಂಡರು. ಎದೆಹಾಲು ಕುಡಿಯದ ಮಕ್ಕಳೇ ಅದರಲ್ಲಿ ಜಾಸ್ತಿ.

ಇನ್ನೊಂದು ವಿಷಯ. ಹಳ್ಳಿಯಲ್ಲಿ ಬಾಣಂತಿ ಮಗುವಿಗೆ ಎದೆ ಕೊಡದಿದ್ದರೆ ಎಲ್ಲರಿಗೂ ಕಾರಣ ಗೊತ್ತಾಗುತ್ತದೆ. ಡಬ್ಬವೇ ಊರಿಗೆಲ್ಲ ಸಾರಿದ ಹಾಗೆ. ತಾಯಿ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರೆ ಎದೆಹಾಲು ಕೊಡಬಹುದು, ಕೊಡಬೇಕು. ಮೊದಲ ಆರು ತಿಂಗಳು ಬರೀ ಎದೆಹಾಲು, ನೀರೂ ಬೇಡ. ಸ್ವಲ್ಪ ಎದೆಹಾಲು, ಸ್ವಲ್ಪ ಗಂಜಿ ಎಂದು ಬೆರೆಸಿ ಕೊಡುವುದು ಬರೀ ಎದೆಹಾಲಿಗಿಂತ ಅಪಾಯ ಎಂದು ಡರ್ಬನ್‌ನಲ್ಲಿ ನಡೆದ ಅಧ್ಯಯನ 1999ರಲ್ಲೇ ತೋರಿಸಿತು.

ಆದರೆ ಇದನ್ನು ಅಜ್ಜಿಗೆ ಯಾರು ಹೇಳುವುದು? ಮಲಾವಿಯಲ್ಲಿ ಅಜ್ಜಿಗೆ ಅಗೋಗೊ ಎನ್ನುತ್ತಾರೆ. ಮಗು ಅತ್ತರೆ ಅಗೋಗೊ ಮೆಕ್ಕೆಜೋಳದ ಹಿಟ್ಟಿನ ತೆಳು ಗಂಜಿ ಕಾಯಿಸುತ್ತಾಳೆ. ನಮ್ಮ ಅಜ್ಜಿಯಂದಿರು ಮೂರನೇ ತಿಂಗಳಿಗೇ ರಾಗಿ ಮಣ್ಣಿ ಕೊಡಲು ಹೊರಡುತ್ತಾರಲ್ಲ, ಅದೇ ಪ್ರೀತಿ. ಅದಕ್ಕೇ ನಾವು ಅಜ್ಜಿಯಂದಿರನ್ನೇ ಕರೆದು ಕೂರಿಸಿ ಮಾತಾಡುತ್ತಿದ್ದೆವು. ಅವರು ಒಪ್ಪಿದರೆ ಮನೆಯೇ ಒಪ್ಪಿದ ಹಾಗೆ. ಅಜ್ಜಿಯಂದಿರ ಸಭೆಗೆ ಖರ್ಚು ಎಂದರೆ ಚಹಾ, ಬನ್ನು. ಯಾವುದಾದರೂ ಸಂಸ್ಥೆಯ ಬಜೆಟ್ಟಿನಲ್ಲಿ ಅಂಥ ಸಾಲು ಕಂಡರೆ ನನಗೆ ಆ ಸಂಸ್ಥೆಯ ಮೇಲೆ ನಂಬಿಕೆ ಬರುತ್ತದೆ.

ಹಣ ಕಳಿಸುವ ವಿಧಾನ

ಭಾರತದಲ್ಲಿರುವ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ ಎಲ್ಲ ಸೇರಿ 2,50,000 ಡಾಲರ್ ತನಕ ಹೊರದೇಶಕ್ಕೆ ಕಳಿಸಲು ಆರ್‌ಬಿಐ ಅವಕಾಶ ಕೊಟ್ಟಿದೆ. ದಾನವೂ ಅದರಲ್ಲಿ ಸೇರುತ್ತದೆ. ವಿದೇಶಿ ವಿನಿಮಯ ಮಾಡುವ ಬ್ಯಾಂಕ್ ಶಾಖೆಗೆ ಹೋಗಿ, ಪ್ಯಾನ್ ಕಾರ್ಡ್ ಕೊಟ್ಟು, ಎ2 ಫಾರ್ಮ್ ತುಂಬಬೇಕು. ಸ್ವಲ್ಪ ಸ್ವಲ್ಪ ಕಳಿಸಿದರೆ ಬ್ಯಾಂಕ್ ಶುಲ್ಕವೇ ತಿನ್ನುತ್ತದೆ, ವರ್ಷಕ್ಕೆ ಒಂದೇ ಸಲ ಕಳಿಸಿ. ವಿದೇಶದ ಸಂಸ್ಥೆಗೆ ನೇರ ಕೊಟ್ಟದ್ದಕ್ಕೆ 80ಜಿ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಸಂಘದ ಅಥವಾ ಟ್ರಸ್ಟಿನ ಹಣವಾದರೆ ಮೊದಲು ಸಿಎ ಹತ್ತಿರ ಕೇಳಿ. ಹತ್ತು ಜನರ ಹಣವನ್ನು ಒಬ್ಬರ ಖಾತೆಗೆ ಹಾಕುವುದಾದರೂ ಕೇಳಿಯೇ ಮಾಡಿ.

ಫೋಟೊ ಕೇಳಬೇಡಿ

ಹಣ ಕೊಟ್ಟವರಿಗೆ ಮಗುವಿನ ಮುಖ ನೋಡುವ ಆಸೆ ಇರುತ್ತದೆ. ದಯವಿಟ್ಟು ಕೇಳಬೇಡಿ. ವಾಟ್ಸಾಪಿನಲ್ಲಿ ಒಂದು ಫೋಟೊ ಶಿರ್ವದಿಂದ ಮಲಾವಿಯ ಆ ಹಳ್ಳಿಗೇ ವಾಪಸ್ ಹೋಗಲು ಒಂದು ದಿನ ಸಾಕು. ನಮ್ಮ ದೇಶದಲ್ಲಿ 2017ರ ಎಚ್‌ಐವಿ ಕಾಯ್ದೆ ಒಬ್ಬರ ಸೋಂಕಿನ ವಿಷಯವನ್ನು ಒಪ್ಪಿಗೆ ಇಲ್ಲದೆ ಹೊರಗೆ ಹೇಳಬಾರದು ಎನ್ನುತ್ತದೆ. ಆ ತಾಯಿಗೂ ಅದೇ ಮರ್ಯಾದೆ ಸಲ್ಲಬೇಕು. ನಾವು ವರ್ಷಕ್ಕೆ ಒಂದು ಅಂಕಿ ಮಾತ್ರ ಕೇಳುತ್ತೇವೆ: ಕೊನೆಯ ಪರೀಕ್ಷೆ ಮುಗಿಸಿದ ಮಕ್ಕಳು ಎಷ್ಟು.

ಹೋಗಬೇಕೆಂದಿರುವ ನರ್ಸುಗಳಿಗೆ

ಮೂರು ವಾರಕ್ಕೆ ಹೋಗಬೇಡಿ. ನಿಮ್ಮನ್ನು ನೋಡಿಕೊಳ್ಳುವುದೇ ಅಲ್ಲಿಯವರಿಗೆ ಕೆಲಸವಾಗುತ್ತದೆ. ಕಡಿಮೆ ಎಂದರೆ ಒಂದು ವರ್ಷ. ಅಲ್ಲಿನ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಆಗದೆ ರೋಗಿಯನ್ನು ಮುಟ್ಟಬೇಡಿ. ಹೊರಡುವ ಮೊದಲು ನಮ್ಮದೇ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯ ಪರೀಕ್ಷಾ ಕೇಂದ್ರದಲ್ಲಿ ಅನುಮತಿ ಪಡೆದು ಸ್ವಲ್ಪ ದಿನ ಕೂತು, ಆಪ್ತಸಮಾಲೋಚಕರು ಹೇಗೆ ಮಾತಾಡುತ್ತಾರೆ ಎಂದು ಕೇಳಿಸಿಕೊಳ್ಳಿ. ಇಲ್ಲಿಯ ಬಸುರಿಯರಿಗೆ ಸಹಾಯ ಬೇಕಾದರೆ 1097 ಎಂಬ ಉಚಿತ ಸಹಾಯವಾಣಿ ಇದೆ, ಅದನ್ನು ನಾಲ್ಕು ಜನರಿಗೆ ಹೇಳಿ.

ಯಾವಾಗ ಶುರುಮಾಡಬೇಕು

ಮಲಾವಿಯಲ್ಲಿ ಮಳೆ ಶುರುವಾಗುವುದು ನವೆಂಬರ್ ಹೊತ್ತಿಗೆ. ಆಮೇಲೆ ಮಣ್ಣಿನ ರಸ್ತೆಗಳಲ್ಲಿ ಮಿನಿಬಸ್ ಹೋಗುವುದಿಲ್ಲ. ಜನವರಿಯಿಂದ ಮಾರ್ಚ್ ತನಕ ಹಳೆಯ ಮೆಕ್ಕೆಜೋಳ ಮುಗಿದಿರುತ್ತದೆ, ಹೊಸದು ಕೊಯ್ಲಿಗೆ ಬಂದಿರುವುದಿಲ್ಲ. ಹೆಂಗಸರು ಬೇರೆಯವರ ಗದ್ದೆಗೆ ದಿನಗೂಲಿಗೆ ಹೋಗುತ್ತಾರೆ. ಅದಕ್ಕೆ ಗನ್ಯು ಎನ್ನುತ್ತಾರೆ. ಒಂದು ದಿನ ಆಸ್ಪತ್ರೆಗೆ ಬಂದರೆ ಆ ದಿನ ಮನೆಯಲ್ಲಿ ಊಟ ಇಲ್ಲ. ನಮ್ಮ ರಿಜಿಸ್ಟರಿನಲ್ಲಿ ಬಾರದವರ ಹೆಸರು ಜಾಸ್ತಿ ಆಗುತ್ತಿದ್ದದ್ದು ಈ ಮೂರು ತಿಂಗಳಲ್ಲೇ. ಹಣ ಅದಕ್ಕೆ ಮೊದಲೇ ಅಲ್ಲಿಗೆ ಮುಟ್ಟಬೇಕು.

ಹಾಗಾಗಿ ನಾವು ಸೆಪ್ಟೆಂಬರ್ 8ಕ್ಕೆ, ಮೊಂತಿ ಹಬ್ಬದ ಹೊಸ ಅಕ್ಕಿ ಊಟ ಮುಗಿಸಿ, ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಸೇರುತ್ತೇವೆ. ಅಕ್ಟೋಬರ್ ಮೊದಲ ವಾರ ಬ್ಯಾಂಕಿಗೆ ಹೋಗುತ್ತೇವೆ. ಹೋದ ವರ್ಷದ ಆರು ಜನ ಈಗ ಹನ್ನೊಂದು ಆಗಿದ್ದಾರೆ. ಈ ಸಲ ಸೇರುವವರು ಪ್ಯಾನ್ ಕಾರ್ಡಿನ ಜೆರಾಕ್ಸ್ ಹಿಡಿದುಕೊಂಡು ಬನ್ನಿ. ಹೋದ ಸಲ ಇಬ್ಬರು ಮರೆತು ಬಂದು, ಒಂದು ವಾರ ತಡವಾಯಿತು.