ಸಮರ್‌ಕಂಡ್‌ಗೆ ಹೋಗೋರು ಅರ್ಧ ಗಂಟೆ ಎಕ್ಸ್‌ಟ್ರಾ ಇಟ್ಕೊಳಿ

ಉಜ್ಬೇಕಿಸ್ತಾನ್ ಟ್ರಿಪ್ ಪ್ಲಾನ್ ಮಾಡ್ತಿರೋರಿಗೆ ಒಂದು ಮಾತು, ಅಲ್ಲಿ ನಾವೇ ಟೂರಿಸ್ಟ್ ಸ್ಪಾಟ್ ಆಗ್ಬಿಡ್ತೀವಿ. ಸಮರ್‌ಕಂಡ್‌ನ ರೆಗಿಸ್ತಾನ್ ಚೌಕದಲ್ಲಿ ನಮ್ಮಮ್ಮ ಮೈಸೂರ್ ಸಿಲ್ಕ್ ಉಟ್ಕೊಂಡು ನಿಂತಿದ್ದೇ ತಡ, "ಹಿಂದಿಸ್ತೋನ್?" ಅಂತ ಕೇಳ್ಕೊಂಡು ಅಜ್ಜಿಯರ ಗುಂಪೇ ಬಂತು, ತಲೆಗೆ ಹೂವಿನ ಸ್ಕಾರ್ಫು, ಬಾಯ್ತುಂಬ ಚಿನ್ನದ ಹಲ್ಲು, ಒಬ್ರು ಸೆರಗು ಮುಟ್ಟಿ ನೋಡ್ತಾರೆ, ಇನ್ನೊಬ್ರು ರಾಜ್ ಕಪೂರ್ ರಾಜ್ ಕಪೂರ್ ಅಂತ ಹಾಡೋಕೇ ಶುರು (ಸೋವಿಯತ್ ಕಾಲದಲ್ಲಿ ಹಿಂದಿ ಸಿನಿಮಾ ಅಲ್ಲಿ ಅಷ್ಟು ಓಡಿತ್ತು).

ಗಾಬರಿ ಆಗ್ಬೇಡಿ, ನಮ್ಮನ್ನಂತೂ ಯಾರೂ ಒಂದು ಪೈಸೆ ಕೇಳ್ಲಿಲ್ಲ. ಬಲಗೈ ಎದೆ ಮೇಲಿಟ್ಟು "ರಹ್ಮತ್" ಅಂದ್ರೆ ಸಾಕು, ಥ್ಯಾಂಕ್ಸ್ ಅಂತ. ಅವರು ನಾನ್ ರೊಟ್ಟಿ ಕೊಟ್ರೆ ಒಂದು ಚೂರಾದ್ರೂ ಮುರ್ಕೊಂಡು ತಿನ್ನಿ, ಆದ್ರೆ ಅದನ್ನ ಬೋರಲು ಹಾಕಿ ಮಾತ್ರ ಇಡಬೇಡಿ, ಅವರಿಗೆ ಅದು ಅನ್ನಕ್ಕೆ ಅವಮರ್ಯಾದೆ ಮಾಡಿದ ಹಾಗೆ.

ಒಂದು ಫೋಟೋ ಅಂತ ಶುರುವಾಗಿ ಇಡೀ ಸಂಸಾರ ಸಾಲು ನಿಲ್ಲತ್ತೆ, ಅದಕ್ಕೆ ತಾಷ್ಕೆಂಟ್‌ಗೆ ವಾಪಸ್ ಅಫ್ರಾಸಿಯಾಬ್ ಟ್ರೈನ್ ಇರೋ ದಿನ ಬೇಗ ಹೊರಡಿ, ನಾವು ಸ್ಟೇಷನ್ನಲ್ಲಿ ಬ್ಯಾಗ್ ಹೊತ್ಕೊಂಡು ಓಡಿದ್ದು ನಮಗೇ ಗೊತ್ತು. ಇಲ್ಲಾಂದ್ರೆ ಆವತ್ತು ಚೂಡಿದಾರ್ ಹಾಕ್ಕೊಳಿ, ಆಗ್ಲೂ ಬರ್ತಾರೆ, ಸ್ವಲ್ಪ ಕಮ್ಮಿ ಅಷ್ಟೇ.