ಮುಧೋಳದ ಹೊಲದಲ್ಲಿ ತುಕ್ಕು ಸಾಕಿ ಗೋಧಿ ಆರಿಸಿದ್ದು

ಗೋಧಿಗೆ ಎಲೆ ತುಕ್ಕು ಬಂದರೆ ಎಲ್ಲರೂ ಪಂಪು ಹುಡುಕುತ್ತಾರೆ. ನಾನು ಏಳೆಂಟು ಹಿಂಗಾರಿ ಅದೇ ರೋಗವನ್ನು ಬೇಕಂತಲೇ ಹೊಲಕ್ಕೆ ತಂದು ಸಾಕಿದೆ, ಅದನ್ನು ತಾಳುವ ಹೊಸ ತಳಿ ಆರಿಸಲಿಕ್ಕೆ. "ರೋಗ ಯಾರಾದ್ರೂ ಬಿತ್ತತಾರೇನ್ರಿ?" ಅಂತ ಪಕ್ಕದ ಹೊಲದ ಕಾಕಾ ಜಗಳಕ್ಕೇ ಬರುತ್ತಿದ್ದರು. ಹೋದ ವರ್ಷ ಅವರೇ ಬೀಜ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಗೋಧಿ ತಳಿ ಕ್ರಾಸ್ ಮಾಡಿದೆ. ತಾಯಿ ಲೋಕ್-1 ಅನ್ನುವ ತಳಿ. ತುಕ್ಕು ಬಂದರೆ ಅದೇ ಮೊದಲು ಮಲಗುತ್ತದೆ, ಗೊತ್ತಲ್ವಾ? ಆದರೂ ಕಾಳಿನ ಹೊಳಪು ನೋಡಿ ಸಂತೆಯಲ್ಲಿ ಜನ ಅದನ್ನೇ ಕೇಳುತ್ತಾರೆ. ತಂದೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಒಂದು ತಳಿ. ಯಾವುದು ಅಂತ ಸದ್ಯಕ್ಕೆ ಹೇಳಲ್ಲ. ಮೊದಲ ಕ್ರಾಸಿನಲ್ಲಿ 20-25 ಕಾಳು ಕಟ್ಟಿದವು, ಅದರಲ್ಲಿ ಅರ್ಧ ಇಲಿಗೆ ಹೋದವು.

ನೀಲಗಿರಿ, ಪಳನಿ ಬೆಟ್ಟದ ಕಡೆಯಿಂದ ಗಾಳಿಯಲ್ಲಿ ಬರುವ ತುಕ್ಕನ್ನು ನಂಬಿ ಕೂತರೆ ಆಗುವುದಿಲ್ಲ. ಕೆಲವು ವರ್ಷ ಜೋರಾಗಿ ಬರುವುದೇ ಇಲ್ಲ, ಆಗ ಎಲ್ಲ ಗಿಡವೂ ಚೆನ್ನಾಗಿಯೇ ಕಾಣುತ್ತವೆ. ಹಾಗಾಗಿ ಎಂಟತ್ತು ಸಾಲಿಗೆ ಒಂದು ಸಾಲು ಬರೀ ಲೋಕ್-1 ಹಾಕಿದೆ. ಡಿಸೆಂಬರ್‌ನಲ್ಲಿ ಬೇಗ ಬಿತ್ತಿದವರ ಹೊಲದಿಂದ ತುಕ್ಕು ಹಿಡಿದ ಹಸಿ ಎಲೆ ತಂದು, ನೀರಲ್ಲಿ ಉಜ್ಜಿ, ಸೂರ್ಯ ಮುಳುಗಿದ ಮೇಲೆ ಆ ಸಾಲಿಗೆ ಹೊಡೆದು ರಾತ್ರಿಯಿಡೀ ಪ್ಲಾಸ್ಟಿಕ್ ಹೊದಿಸಿದೆ. ತುಕ್ಕಿನ ಪುಡಿ ಎಲೆಗೆ ಅಂಟಲಿ ಅಂತ ನೀರಿಗೆ ಒಂದು ಸಾಮಾನು ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ನಮ್ಮ ಹೊಲದ ಮೂರು ಕಡೆ ಕಬ್ಬು. ಬಿಸಿಲು ತಡವಾಗಿ ಬೀಳುವುದರಿಂದ ಒಂಬತ್ತು ಗಂಟೆಯಾದರೂ ಇಬ್ಬನಿ ಆರುವುದಿಲ್ಲ. ತುಕ್ಕಿಗೆ ಇಷ್ಟು ಸಾಕು. 10-12 ದಿನಕ್ಕೆ ಬೆರಳಿಟ್ಟರೆ ಕೇಸರಿ ಪುಡಿ ಮೆತ್ತುತ್ತಿತ್ತು.

ಇನ್ನು ಆರಿಸುವುದು. ಒಂದು ಚುಕ್ಕೆಯೂ ಇಲ್ಲದ ಗಿಡ ಇಟ್ಟುಕೋ ಅಂತ ಎಲ್ಲರೂ ಹೇಳಿದರು. ಅವನ್ನೂ ಬೇರೆ ಇಟ್ಟೆ. ಮೂರ್ನಾಲ್ಕು ವರ್ಷ ಕನ್ನಡಿ ಹಾಗಿದ್ದವು, ಆಮೇಲೆ ಒಂದೇ ಜನವರಿಯಲ್ಲಿ ಮುಕ್ಕಾಲು ಭಾಗ ಕೆಂಪಾದವು. ಒಂದೇ ಜೀನ್ ಮೇಲೆ ನಿಂತ ಶಕ್ತಿಯ ಹಣೆಬರಹ ಇಷ್ಟೇ. ದೇಶದ ತುಂಬ ಹಬ್ಬಿದ್ದ 77-5 ಅನ್ನುವ ತುಕ್ಕಿನ ಬಗೆಗೆ, ಎಲೆ ತುಕ್ಕು ತಡೆಯುವ ಎಲ್‌ಆರ್-26 ಅನ್ನುವ ಜೀನ್ ಲೆಕ್ಕಕ್ಕೇ ಇಲ್ಲ. ನಾನು ನಂಬಿದ್ದು ಬೇರೆ ಗಿಡಗಳನ್ನು. ಕೆಳಗಿನ ಎಲೆಯಲ್ಲಿ ತುಕ್ಕು ಇರುತ್ತದೆ, ಆದರೆ ತೆನೆ ಕೆಳಗಿನ ಕೊನೆ ಎಲೆಗೆ ತಡವಾಗಿ ಹತ್ತುತ್ತದೆ. ಹತ್ತಿದರೂ ಗುಳ್ಳೆ ಸಣ್ಣ, ಕಡಿಮೆ. ಆ ಎಲೆಯ ತುದಿ ಒಂದೆರಡು ಇಂಚು ಸುಟ್ಟ ಹಾಗೆ ಒಣಗಿರುತ್ತದೆ. ತುಕ್ಕನ್ನು ನಿಧಾನ ಮಾಡುವ ಎಲ್‌ಆರ್-34 ಅನ್ನುವ ಜೀನ್ ಇದ್ದರೆ ಕಾಣುವ ಗುರುತು ಅದು. ನೀರು ಕಡಿಮೆಯಾದರೂ ತುದಿ ಒಣಗುತ್ತದೆ, ಆದ್ದರಿಂದ ನೀರು ಹಾಯಿಸಿದ ವಾರಕ್ಕೆ ನೋಡಬೇಕು. "ಸುಟ್ಟ ಗಿಡ ಯಾಕೆ ಇಡ್ತೀರಿ ಮಾಮಾ?" ಅಂತ ಆಳುಗಳು ನಗುತ್ತಿದ್ದರು. ಆ ಗಿಡಗಳೇ ಇವತ್ತಿಗೂ ನಿಂತಿವೆ.

ದುಡ್ಡಿನ ಮಾತು ಕೇಳಬೇಡಿ. ಆ ಅರ್ಧ ಎಕರೆಗೆ ಕಬ್ಬು ಹಾಕಿದ್ದರೆ ಖರ್ಚು ಕಳೆದು ವರ್ಷಕ್ಕೆ 30 ಸಾವಿರ ಉಳಿಯುತ್ತಿತ್ತು ಅಂತ ನಮ್ಮ ಮನೆಯಾಕೆ ಯುಗಾದಿಗೊಮ್ಮೆ ಲೆಕ್ಕ ಒಪ್ಪಿಸುತ್ತಾಳೆ. ರೋಗ ಗೆದ್ದ ಎಷ್ಟೋ ಸಾಲುಗಳನ್ನು ಕೊಂದವಳೂ ಅವಳೇ, ಚಪಾತಿ ತೊಗಲಿನ ಹಾಗೆ ಆಗುತ್ತದೆ ಅಂತ. ಒಳ್ಳೆಯದೇ ಆಯಿತು.

ನಡುವೆ ಸದಕ ಅನ್ನುವ ಬೇರೆ ಜಾತಿಯ ಗೋಧಿ ಜೊತೆಗೂ ಕ್ರಾಸ್ ಮಾಡಿ ನೋಡಿದೆ. ಕಾಳು ಸುಕ್ಕುಸುಕ್ಕು, ಹುಟ್ಟಿದ ಗಿಡದ ತೆನೆ ಬಹುಪಾಲು ಜೊಳ್ಳು. ಎರಡರ ಕ್ರೋಮೋಸೋಮ್ ಲೆಕ್ಕವೇ ಬೇರೆ, ಸದಕದ್ದು 28, ನಮ್ಮ ಗೋಧಿಯದು 42. ಇನ್ನೊಮ್ಮೆ ಲೋಕ್-1 ಮತ್ತು ನನ್ನ ತಳಿಯ ಬೀಜ ಬೆರೆಸಿ ಬಿತ್ತಿದೆ. ತುಕ್ಕು ಕಡಿಮೆಯಾಯಿತು, ಆದರೆ ಮಿಶ್ರ ಕಾಳು ಅಂತ ದಲಾಲಿ ಕ್ವಿಂಟಲ್‌ಗೆ 200 ರೂಪಾಯಿ ಮುರಿದ.

ಹೋದ ಹಿಂಗಾರಿ ಔಷಧಿ ಇಲ್ಲದೆ ನನ್ನ ತಳಿ ಎಕರೆ ಲೆಕ್ಕದಲ್ಲಿ 14 ಕ್ವಿಂಟಲ್ ಹತ್ತಿರ ಬಂತು. ಪಕ್ಕದಲ್ಲೇ ಇದ್ದ ಲೋಕ್-1 ಒಂಬತ್ತು ದಾಟಲಿಲ್ಲ. ತುಕ್ಕಿನ ಔಷಧಿ ಪ್ರೊಪಿಕೊನಾಜೋಲ್ ಎರಡು ಸಲ ಹೊಡೆಯುವ ಖರ್ಚು, ಆಳು ಸೇರಿ ಎಕರೆಗೆ ಸಾವಿರದ ಐನೂರು, ಅದೂ ಉಳಿಯಿತು. ಕಾಂಡದ ತುಕ್ಕಿಗೆ ಇನ್ನೂ ಪರೀಕ್ಷೆ ಮಾಡಿಲ್ಲ, ಈ ವರ್ಷ ತಡವಾಗಿ ಬಿತ್ತಿ ನೋಡುತ್ತೇನೆ.

ಬೀಜ ಒಬ್ಬರಿಗೆ 5 ಕೆಜಿ ಮೇಲೆ ಕೊಡುತ್ತಿಲ್ಲ. ಒಯ್ದವರು ಪಕ್ಕಕ್ಕೆ ಎರಡು ಸಾಲು ಲೋಕ್-1 ಹಾಕಿ, ಎರಡಕ್ಕೂ ಔಷಧಿ ಹೊಡೆಯದೆ ಜನವರಿ ಕೊನೆಗೆ ಕೊನೆ ಎಲೆಯ ಫೋಟೋ ಕಳಿಸಬೇಕು. ಅಷ್ಟೇ ಷರತ್ತು.